ತೆರಿಗೆ ಸುಧಾರಣೆಯ ಮಾತನ್ನು ಅಳೆದು ನೋಡುವುದು ಹೇಗೆ?

ಬಜೆಟ್ ಭಾಷಣ ಕೇಳಿ ಚಪ್ಪಾಳೆ ತಟ್ಟುವ ಮೊದಲು ಹಣಕಾಸು ಮಸೂದೆ ತೆರೆಯಿರಿ. ದರಗಳು ಮೊದಲ ಅನುಸೂಚಿಯಲ್ಲಿರುತ್ತವೆ, ವಿನಾಯಿತಿಗಳ ಕತ್ತರಿ ಬೇರೆ ಕಲಮುಗಳಲ್ಲಿ.

ನಂತರ ಲೆಕ್ಕ ಹಾಕಿ. 2025ರ ಬಜೆಟ್ಟಿನ ‘12 ಲಕ್ಷಕ್ಕೆ ತೆರಿಗೆಯಿಲ್ಲ’ ಎಂಬುದನ್ನೇ ನೋಡಿ: ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ) 4ರಿಂದ 8 ಲಕ್ಷಕ್ಕೆ ಶೇ 5, ಅಂದರೆ 20,000, 8ರಿಂದ 12ಕ್ಕೆ ಶೇ 10, ಅಂದರೆ 40,000. ಒಟ್ಟು 60,000ವನ್ನು ರಿಬೇಟ್, ಅಂದರೆ ಲೆಕ್ಕ ಹಾಕಿದ ತೆರಿಗೆಯಲ್ಲಿ ಕೊಡುವ ಕಡಿತ, ಅಳಿಸುತ್ತದೆ. ಆದಾಯ 12,10,000 ಆದರೆ ತೆರಿಗೆ 61,500. ಮಾರ್ಜಿನಲ್ ರಿಲೀಫ್ (12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ತಡೆಯುವ ನಿಯಮ) ಅದನ್ನು 10,000ಕ್ಕೆ ಇಳಿಸುತ್ತದೆ, ಮೇಲೆ ಶೇ 4 ಸೆಸ್ (ನಿರ್ದಿಷ್ಟ ಉದ್ದೇಶಕ್ಕೆ ತೆರಿಗೆಯ ಮೇಲೆ ಹಾಕುವ ಕರ). ಎಡವುವುದು ಇಲ್ಲಿ: ಷೇರು ಮಾರಿದ ಅಲ್ಪಾವಧಿ ಲಾಭಕ್ಕೆ ಶೇ 20ರ ವಿಶೇಷ ದರ, ಅದಕ್ಕೆ ಈ ರಿಬೇಟ್ ಇಲ್ಲ.

ಸೆಸ್ ಅಥವಾ ಸರ್ಚಾರ್ಜ್ (ಹೆಚ್ಚು ಆದಾಯದವರ ತೆರಿಗೆಯ ಮೇಲಿನ ಹೆಚ್ಚುವರಿ ಕರ) ಏರಿದರೆ ಅನುಮಾನಿಸಿ. ಸಂವಿಧಾನದ 270ನೇ ವಿಧಿಯಂತೆ ಆ ಹಣದಲ್ಲಿ ಕರ್ನಾಟಕಕ್ಕಾಗಲಿ ಬೇರೆ ರಾಜ್ಯಕ್ಕಾಗಲಿ ಪಾಲಿಲ್ಲ. ಕೇಂದ್ರಕ್ಕೆ ಅದು ಬಿಟ್ಟುಕೊಡಲಾಗದ ರುಚಿ.

ಮಸೂದೆ ಮಂಡನೆಯಾದ ಮಾತ್ರಕ್ಕೆ ನಂಬಬೇಡಿ. 2010ರ ನೇರ ತೆರಿಗೆ ಸಂಹಿತೆಯ ಮಸೂದೆ ಅಂಗೀಕಾರವಾಗದೆ, 2014ರಲ್ಲಿ ಲೋಕಸಭೆ ವಿಸರ್ಜನೆಯೊಂದಿಗೇ ಬಿದ್ದುಹೋಯಿತು. 1961ರ ಆದಾಯ ತೆರಿಗೆ ಕಾಯ್ದೆಯ ಬದಲು ಬಂದ 2025ರ ಕಾಯ್ದೆ (ಜಾರಿ 2026ರ ಏಪ್ರಿಲ್ 1) 819 ಸೆಕ್ಷನ್‌ಗಳನ್ನು 536ಕ್ಕೆ ಇಳಿಸಿತು. ಭಾಷೆ ಸರಳವಾಯಿತು, ನಿಜ. ದರ ಮಾತ್ರ ಇದ್ದಲ್ಲೇ ಇದೆ.