ಮಳೆಗಾಲದ ಮಿಷನ್ ಅತಿಥಿಗೃಹ: ನೋಡಿಕೊಳ್ಳುವ ಗಂಡ-ಹೆಂಡತಿಗೆ ಕೆಲವು ಮಾತು

ಮಲೆನಾಡಿನಲ್ಲಿ ಮಿಷನ್ ಅತಿಥಿಗೃಹದ ಹೊಣೆ ಹೊತ್ತ ಗಂಡ-ಹೆಂಡತಿ ಮೊದಲು ಗೆಲ್ಲಬೇಕಾದ್ದು ತೇವವನ್ನು. ಬಂದವರು ಫಾದರ್ ಆಗಲಿ, ಸಿಸ್ಟರ್ ಆಗಲಿ, ಪಾಸ್ಟರ್ ಕುಟುಂಬವಾಗಲಿ, ಹೊರದೇಶದ ಮಿಷನರಿಯಾಗಲಿ, ಆಗುಂಬೆ ಘಾಟಿ ಹತ್ತಿ ನೆನೆದು ಬಂದವರು ಕೇಳುವುದು ಒಣ ಹಾಸಿಗೆ, ಬಿಸಿನೀರು, ಹೊತ್ತಿಗೆ ಊಟ. ಮಿಕ್ಕಿದ್ದೆಲ್ಲ ಆಮೇಲೆ.

ಬೇಸಿಗೆಯಲ್ಲಿ ಮಂಚಕ್ಕೆ ಮೂರು ಜೊತೆ ಚಾದರ, ದಿಂಬಿನ ಚೀಲ ಸಾಕು. ಆರಿದ್ರಾ ಮಳೆ ಹಿಡಿಯಿತೆಂದರೆ ಐದು ಜೊತೆ ಬೇಕು, ಒಗೆದದ್ದು ಒಣಗಲು ಮೂರು ದಿನವೂ ಹಿಡಿಯಬಹುದು. ಮೆಷಿನ್‌ನಲ್ಲಿ ಎರಡು ಸಲ ಹಿಂಡಿಸಿ, ಜಗುಲಿಯ ಹಗ್ಗದಲ್ಲಿ ಒಂದಕ್ಕೊಂದು ತಾಗದಂತೆ ಗೇಣು ಬಿಟ್ಟು ಹರವಿ. ಬಚ್ಚಲೊಲೆಯ ನೇರ ಮೇಲೆ ಹಾಕಬೇಡಿ, ಹೊಗೆ ವಾಸನೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಅರೆ ಒಣಗಿದ ಮೇಲೆ ಇಸ್ತ್ರಿ ಹಾಕಿ. ಇಸ್ತ್ರಿ ಮಾಡಿದ ಬಿಸಿಯಲ್ಲೇ ಮಡಿಸಿಡುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಬಟ್ಟೆಯೊಳಗಿನ ಹಬೆ ಮಡಿಕೆಯಲ್ಲೇ ಉಳಿದು, ವಾರದೊಳಗೆ ಸಾಸಿವೆಯಂಥ ಕಪ್ಪು ಚುಕ್ಕೆ ಮೂಡುತ್ತವೆ, ಆಮೇಲೆ ಆ ಕಲೆ ಪೂರ್ತಿ ಬಿಡುವುದು ಕಷ್ಟ. ಅರ್ಧ ಗಂಟೆ ಹರವಿ ಆರಿಸಿ, ಅಂಚು ಮಡಿಸಿ ಹೊಲಿದ ಜಾಗವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ತೇವವಿದೆ ಅಂತಲೇ ಅರ್ಥ. ನಡುವೆ ಒಣಗಿದ್ದರೂ ಅಂಚು ಒಣಗಿರುವುದಿಲ್ಲ.

ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಅತಿಥಿ ಹೋದ ದಿನ ಹಾಸಿಗೆಯನ್ನು ನಿಲ್ಲಿಸಿ, ಫ್ಯಾನ್ ಹಾಕಿ. ಗೋಡೆಗೆ ಬೂಷ್ಟು ಬಂದರೆ ಒಣ ಪೊರಕೆಯಲ್ಲಿ ಉಜ್ಜಬೇಡಿ, ಪುಡಿ ಇಡೀ ಕೋಣೆಗೆ ಹರಡುತ್ತದೆ. ಲೀಟರ್ ನೀರಿಗೆ 60 ಮಿಲಿ ಬ್ಲೀಚ್ ಬೆರೆಸಿ, ಕಿಟಕಿ ತೆರೆದು ಬಟ್ಟೆಯಲ್ಲಿ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಕಕ್ಕಸು ತೊಳೆಯುವ ಆಸಿಡ್ ಅದಕ್ಕೆ ಸೇರಲೇಬಾರದು, ಎದೆ ಹಿಡಿಸುವ ವಿಷಗಾಳಿ ಏಳುತ್ತದೆ. ಕೋಣೆ ಒಣಗಲೆಂದು ಕೆಂಡದ ಬಾಣಲೆ ಒಳಗಿಟ್ಟು ಬಾಗಿಲು ಹಾಕುವುದೂ ಅಷ್ಟೇ ಅಪಾಯ. ಮಲಗಿದವರು ಏಳದೇ ಹೋಗಬಹುದು. ಅದೇ ಕಾರಣಕ್ಕೆ ಗ್ಯಾಸ್ ಗೀಸರ್ ಇದ್ದರೆ ಬಚ್ಚಲಿನ ಹೊರಗೋಡೆಗೇ ಹಾಕಿಸಿ.

ಸೋಲಾರ್ ನಂಬಿ ಮಳೆಗಾಲ ಕಳೆಯಲಾಗದು, ಹಂಡೆಯೇ ಗತಿ. 70 ಡಿಗ್ರಿ ಕಾದ 12 ಲೀಟರಿಗೆ 20 ಡಿಗ್ರಿಯ ತಣ್ಣೀರು 18 ಲೀಟರ್ ಬೆರೆಸಿದರೆ 40 ಡಿಗ್ರಿಯ 30 ಲೀಟರ್, ಒಬ್ಬರ ಸ್ನಾನಕ್ಕೆ ಧಾರಾಳ. 70 ಲೀಟರಿನ ಹಂಡೆಯಲ್ಲಿ ತಳದ 20 ಲೀಟರ್ ಮುಟ್ಟದಿದ್ದರೆ ನಾಲ್ಕು ಜನಕ್ಕೆ ಆಗುತ್ತದೆ. ಆ 20 ಲೀಟರ್ ಯಾಕೆಂದರೆ, ನೀರಿಲ್ಲದ ತಾಮ್ರಕ್ಕೆ ಬೆಂಕಿ ತಾಗಿದರೆ ಬೆಸುಗೆ ಬಿಟ್ಟುಹೋಗುತ್ತದೆ. ತೆಗೆದಷ್ಟು ತಣ್ಣೀರು ತುಂಬಿಸಿ ಅಂತ ಬಂದವರಿಗೆ ಮೊದಲೇ ಹೇಳಿ. ಸೌದೆ ಮೇ ಕೊನೆಯೊಳಗೆ ಕೊಟ್ಟಿಗೆ ಸೇರಿರಬೇಕು. ಅಡಿಕೆ ಸಿಪ್ಪೆ ಒಲೆ ಹೊತ್ತಿಸಲು ಒಳ್ಳೆಯದು, ನೀರು ಕಾಯಿಸಲು ಅದೊಂದೇ ಸಾಲದು.

ಮಳೆಗೆ ಬಾವಿ ಕೆಂಪಾದಾಗ 1000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಪೌಡರಿನ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಕೊಡದಿಂದ ಕದಡಿ, ಒಂದು ಗಂಟೆ ಸೇದಬೇಡಿ. ಕೆಸರು ತುಂಬಾ ಇದ್ದರೆ ಪೌಡರಿನ ಶಕ್ತಿ ಅದಕ್ಕೇ ಹೋಗುತ್ತದೆ. ಕುಡಿಯುವ ನೀರನ್ನು ಹೇಗೂ ಸೋಸಿ ಕುದಿಸಲೇಬೇಕು. ಬಾಯಿ ತೆರೆದ ಪೌಡರ್ ಡಬ್ಬಿ ಇಲ್ಲಿನ ಥಂಡಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಸಣ್ಣ ಪೊಟ್ಟಣವನ್ನೇ ತನ್ನಿ.

ಡಿಸೆಂಬರಿನಿಂದ ಮೇ ತನಕ ಕಾಡು ನೋಡಲು ಹೋಗುವವರಿಗೆ, ಕಚ್ಚಿ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳುವಿನ (ಉಣುಗಿನ) ವಿಷಯ ಬಿಡಿಸಿ ಹೇಳಿ. ಈ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ತುಂಬುತೋಳಿನ ಬಟ್ಟೆ ಹಾಕಿಸಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಸಿ. ಬಂದ ಕೂಡಲೇ ಸೋಪು ಹಾಕಿ ಸ್ನಾನ ಮಾಡಲಿ, ಬಟ್ಟೆ ಮಂಚದ ಮೇಲೆ ಬೀಳದೆ ನೇರ ಬಿಸಿನೀರಿಗೆ ಹೋಗಲಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಬೇಕು.

ಊಟದ ವಿಷಯ ಬುಕಿಂಗ್ ಹೊತ್ತಿಗೇ ಕೇಳಿ. ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ವ್ರತದ ದಿನಗಳ) ಶುಕ್ರವಾರ ಕಥೋಲಿಕರು ಮಾಂಸ ತಿನ್ನುವುದಿಲ್ಲ, ಮೀನು, ಮೊಟ್ಟೆ ಆಗುತ್ತದೆ. ಆ ಹೊತ್ತಿಗೆ ಎಳೆ ಹಲಸಿನಕಾಯಿ ಬಂದಿರುತ್ತದೆ, ಪಲ್ಯ ಮಾಡಿ. ಕಡುಬು, ಅಕ್ಕಿರೊಟ್ಟಿ ಎಲ್ಲರಿಗೂ ಹಿಡಿಸುತ್ತದೆ, ಚಟ್ನಿ ಮಾತ್ರ ಖಾರದ್ದೊಂದು, ಸಪ್ಪೆಯದೊಂದು ಇರಲಿ. ಊಟದ ಪ್ರಾರ್ಥನೆ ಮುಗಿದ ಮೇಲೆಯೇ ಕಾವಲಿಯಿಂದ ರೊಟ್ಟಿ ತೆಗೆಯಿರಿ.

ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ದಾಖಲಾಗಬೇಕು. ಕರೆಂಟು, ನೆಟ್‌ವರ್ಕ್ ಹೋಗುವ ಮೊದಲೇ, ಚಹಾ ಕೊಟ್ಟ ಬೆನ್ನಿಗೇ ಪಾಸ್‌ಪೋರ್ಟ್, ವೀಸಾ ಪುಟದ ಫೋಟೊ ತೆಗೆದು ಕೆಲಸ ಮುಗಿಸಿ. ಕೋಣೆ ಬಾಡಿಗೆಗೆ ರಸೀದಿ ಕೊಡಿ. ಹೊರಡುವಾಗ ಅವರು ಪ್ರೀತಿಯಿಂದ ಮಿಷನ್‌ಗೆಂದು ಕಾಣಿಕೆ ಕೊಟ್ಟರೆ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯ ಖಾತೆಗೆ ಬಿಟ್ಟು ಬೇರೆಲ್ಲೂ ಪಡೆಯುವಂತಿಲ್ಲ. ನಗುಮುಖದಿಂದಲೇ ಬೇಡವೆಂದು ಹೇಳಿ, ಮಿಷನ್ ಕಚೇರಿಗೆ ಕಳಿಸಿ.

ಬುಕಿಂಗ್ ಪುಸ್ತಕ ಒಬ್ಬರ ಕೈಯಲ್ಲೇ ಇರಲಿ. ಇಬ್ಬರೂ ಫೋನಿನಲ್ಲಿ ಹೂಂ ಅಂದರೆ ಒಂದೇ ಕೋಣೆಗೆ ಎರಡು ಸಂಸಾರ ಬಂದು ನಿಲ್ಲುತ್ತವೆ, ಅದರ ಜಗಳ ನಿಮ್ಮಿಬ್ಬರ ನಡುವೆಯೇ ಉಳಿಯುತ್ತದೆ. ಭಾನುವಾರದ ಪೂಜೆ, ಆರಾಧನೆ ಮುಗಿಸಿ ಜನ ಹೊರಟ ಮೇಲೆ ಸೋಮವಾರ ಯಾರನ್ನೂ ಸೇರಿಸಬೇಡಿ. ಅತಿಥಿಗಳಿಗೆ ರಾತ್ರಿ ಎಂಟಕ್ಕೆ ಬಡಿಸುವುದಿದ್ದರೆ ನೀವಿಬ್ಬರೂ ಏಳಕ್ಕೇ ಒಟ್ಟಿಗೆ ಕೂತು ಉಣ್ಣಿ. ಬಡಿಸಿ, ಪಾತ್ರೆ ತೊಳೆದು, ಹತ್ತು ಗಂಟೆಗೆ ತಣಿದ ಅನ್ನದ ಮುಂದೆ ಕೂತಾಗ ಇಬ್ಬರಿಗೂ ಮಾತಾಡುವ ಶಕ್ತಿ ಇರುವುದಿಲ್ಲ.