ಮುಳ್ಳಿಗೆ ಯಾಕಕ್ಕ ಯಾರೂ ಬೈಯಲ್ಲ?

ಬಿ.ಕಾಂ. ಮುಗಿಸಿ ಕೆಲಸ ಹುಡುಕುವ ಬದಲು ಒಂದು ವರ್ಷ ಚರ್ಚಿನ ಮಿಷನ್ ಸೇವೆಗೆ ಹೋಗ್ತೀನಿ ಅಂದಾಗ ಅಮ್ಮ ಕೇಳಿದ್ದು, "ಸಿಸ್ಟರ್ ಆಗ್ತೀಯಾ?" ಇಲ್ಲ ಅಂದೆ. "ಮತ್ತೆ ಏನು ಹೇಳಿಕೊಡೋಕೆ ಹೋಗ್ತಿದೀಯ?" ನಾನು ಉತ್ತರ ಕೊಡದೆ ಬಟ್ಟೆ ಮಡಚುತ್ತಾ ಕೂತೆ. ಹೇಳಿಕೊಡಬೇಕಾದ ವಿಷಯಕ್ಕೆ ಅಮ್ಮನೆದುರು ಆಡಬಹುದಾದ ಒಂದು ಕನ್ನಡ ಪದ ಆಗ ನನ್ನ ಹತ್ತಿರ ಇರಲಿಲ್ಲ.

ನಮ್ಮದು ನಾಲ್ವರ ತಂಡ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು, ಎಲ್ಲರೂ ಇಪ್ಪತ್ತೈದರ ಒಳಗೆ. ಹೀಗೆ ಊರೂರು ತಿರುಗೋದು ನಾವು ಕಂಡುಹಿಡಿದ ದಾರಿಯೇನಲ್ಲ. ಅಮೆರಿಕದ ನೆಟ್ ಮಿನಿಸ್ಟ್ರೀಸ್ 1981ರಿಂದ ಯುವ ಕಥೋಲಿಕರ ತಂಡಗಳನ್ನು ವ್ಯಾನಿನಲ್ಲಿ ಕಳಿಸುತ್ತಿದೆ. ಕೇರಳದಲ್ಲಿ ಹುಟ್ಟಿದ ಕಥೋಲಿಕ ಯುವ ಚಳವಳಿ ಜೀಸಸ್ ಯೂತ್‌ನಲ್ಲೂ ಒಂದು ವರ್ಷವನ್ನು ಪೂರ್ತಿಯಾಗಿ ಸೇವೆಗೆ ಕೊಡುವವರಿದ್ದಾರೆ. ನಮಗೆ ವ್ಯಾನ್ ಇರಲಿಲ್ಲ, ಕೆಎಸ್‌ಆರ್‌ಟಿಸಿ ಇತ್ತು. ನಮ್ಮ ಬಿಷಪ್ಪರ ವ್ಯಾಪ್ತಿಯಾದ ಮೈಸೂರು ಧರ್ಮಕ್ಷೇತ್ರ ಅಂದರೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು, ನಾಲ್ಕು ಜಿಲ್ಲೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಜ್ಞಾನೋಪದೇಶ ಅನ್ನುವ ಧರ್ಮಪಾಠಕ್ಕೆ ಬರುವ ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳನ್ನು ಎರಡು ಗಂಟೆ ನಮ್ಮ ಕೈಗೆ ಕೊಡುತ್ತಿದ್ದರು.

ಮೊದಲ ತಲೆನೋವೇ ಪದ. ಹೇಳಿಕೊಡಬೇಕಾಗಿದ್ದದ್ದು ಇಂಗ್ಲಿಷ್‌ನಲ್ಲಿ 'ಚಾಸ್ಟಿಟಿ' ಅನ್ನುವ, ಪ್ರೀತಿಯಲ್ಲೂ ಕಾಮದಲ್ಲೂ ಶುದ್ಧವಾಗಿರುವ ಸದ್ಗುಣ, ಅದರ ಜೊತೆಗೆ ಮನುಷ್ಯನ ಘನತೆ. ಇಂಗ್ಲಿಷ್‌ನಲ್ಲಿ ತರಬೇತಿ ಪಡೆದು ಬಂದಿದ್ದೆವು, ಕನ್ನಡದಲ್ಲಿ ಬಾಯಿ ತೆಗೆದರೆ ಎಡವುತ್ತಿದ್ದೆವು. 'ಶೀಲ' ಅಂದ ತಕ್ಷಣ ಹುಡುಗಿಯರು ತಲೆ ತಗ್ಗಿಸುತ್ತಿದ್ದರು, ಹುಡುಗರು ಕಿಟಕಿ ಕಡೆ ನೋಡುತ್ತಿದ್ದರು, ಇದು ತಮ್ಮ ಸಿಲೆಬಸ್‌ನಲ್ಲಿಲ್ಲ ಅನ್ನೋ ಹಾಗೆ. 'ಬ್ರಹ್ಮಚರ್ಯ' ಅಂದರೆ ಸನ್ಯಾಸಿಗಳದ್ದು, ಹೆಚ್ಚೆಂದರೆ ಫಾದರದ್ದು. ಚಾಮರಾಜನಗರ ಜಿಲ್ಲೆಯ ಮಾರ್ಟಳ್ಳಿ ಕಡೆ ಮನೆಯಲ್ಲಿ ತಮಿಳು ಮಾತಾಡುವ ಮಕ್ಕಳು ಜಾಸ್ತಿ. ಅಲ್ಲಿ 'ಕರ್ಪು' ಅಂದು ನೋಡಿದೆವು. ಅದೂ ತಮಿಳು ಕಾವ್ಯ ಶಿಲಪ್ಪದಿಕಾರದ ಪತಿವ್ರತೆ ಕಣ್ಣಗಿಯ ಸೊತ್ತು, ಅವಳ ಗಂಡ ಕೋವಲನಿಗೆ ಅದರ ಗೊಡವೆಯಿಲ್ಲ. ಘನತೆಗೆ 'ಮರ್ಯಾದೆ' ಅಂದರೆ ಇನ್ನೂ ಕಷ್ಟ. ನಮ್ಮಲ್ಲಿ ಮರ್ಯಾದೆ ಇರೋದು ಮನೆತನಕ್ಕೆ, ಅದನ್ನು ಹೊರೋದು ಮಗಳು, ಅದಕ್ಕಾಗಿ ಕೊಲೆಯೂ ಆಗುತ್ತದೆ.

ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಬೋಧನೆಯಲ್ಲಿ ಇಂಥ ಅರೆಬರೆ ಲೆಕ್ಕ ಇಲ್ಲ. ಈ ಸದ್ಗುಣ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಎಲ್ಲರದ್ದು. ಮದುವೆಯಾದವರಿಗೆ ಅವರ ರೀತಿಯಲ್ಲಿ, ಆಗದವರಿಗೆ ಅವರ ರೀತಿಯಲ್ಲಿ. ಗಂಡನಿಗೂ ಉಂಟು. ಕೊನೆಗೆ ನಾವು ಒಂದೇ ಪದದ ಹಟ ಬಿಟ್ಟು, 'ಇನ್ನೊಬ್ಬರನ್ನು ಬಳಸದೆ ಪ್ರೀತಿಸೋದು' ಅಂತ ಉದ್ದಕ್ಕೆ ಹೇಳತೊಡಗಿದೆವು. ಪೋಪ್ ಎರಡನೇ ಜಾನ್ ಪೌಲ್ 1979ರಿಂದ 1984ರವರೆಗೆ ಬುಧವಾರಗಳಂದು ದೇಹದ ಬಗ್ಗೆ ಮಾಡಿದ ಸಾಲು ಉಪದೇಶಗಳನ್ನು ತರಬೇತಿಯಲ್ಲಿ ತಿಂಗಳುಗಟ್ಟಲೆ ಓದಿಸಿದ್ದರು. ಅದರಲ್ಲಿ ಪೇಟೆಯ ಹುಡುಗರಿಗೂ ಹನೂರಿನ ಹುಡುಗರಿಗೂ ಸಮನಾಗಿ ತಟ್ಟಿದ್ದು ಇಷ್ಟೇ, ಮನುಷ್ಯ ವಸ್ತುವಲ್ಲ, ಬಳಸೋ ಹಾಗಿಲ್ಲ. ದೇಹ ಪವಿತ್ರಾತ್ಮರ ಆಲಯ ಅನ್ನುವ, ಬೈಬಲಿನ ಸಂತ ಪೌಲರ ಮಾತಂತೂ ವಿವರಿಸಬೇಕಾಗಿಯೇ ಬರಲಿಲ್ಲ. ದೇಹವನ್ನೇ ದೇಗುಲ ಮಾಡಿಕೊಂಡ ಬಸವಣ್ಣನವರನ್ನು ಅವರು ಶಾಲೆಯಲ್ಲೇ ಓದಿದ್ದರು.

ಇಷ್ಟು ತಿಳಿಯೋದಕ್ಕೆ ಮುಂಚೆ ನಾನೊಂದು ತಪ್ಪು ಮಾಡಿದೆ.

ಯಾವುದೋ ಅಮೆರಿಕದ ವಿಡಿಯೊದಲ್ಲಿ ನೋಡಿದ್ದ ಆಟ. ಸೆಲ್ಲೋಟೇಪಿನ ತುಂಡೊಂದನ್ನು ಒಬ್ಬರ ತೋಳಿಗೆ ಅಂಟಿಸಿ ಕೀಳೋದು, ಆಮೇಲೆ ಪಕ್ಕದವರಿಗೆ, ಅವರ ಪಕ್ಕದವರಿಗೆ. ನಾಲ್ಕನೆಯವರ ಹೊತ್ತಿಗೆ ಟೇಪಿನ ತುಂಬ ರೋಮ, ಧೂಳು, ಅಂಟೇ ಇಲ್ಲ. "ನೋಡಿ, ಮನಸ್ಸೂ ಹೀಗೇ" ಅಂದೆ. ಮಕ್ಕಳು ನಕ್ಕರು. ಸಖತ್ತಾಗಿ ಆಯ್ತು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಚಾಪೆ ಸುತ್ತುವಾಗ ಪಿಯುಸಿ ಓದುವ ಹುಡುಗಿಯೊಬ್ಬಳು ಸಹಾಯಕ್ಕೆ ಬಂದಳು. ಒಂದು ತುದಿ ಅವಳು, ಇನ್ನೊಂದು ತುದಿ ನಾನು. ಮುಖ ಎತ್ತದೆ ಕೇಳಿದಳು, "ಹಾಗಾದ್ರೆ ನಾನು ಅಂಟು ಹೋಗಿರೋ ಟೇಪಾ ಅಕ್ಕ?"

ಏನೋ ತೊದಲಿದೆ. ಏನು ಹೇಳಿದೆ ಅಂತ ನೆನಪಿಲ್ಲ, ಅಂದರೆ ಅದರಲ್ಲಿ ಹುರುಳಿರಲಿಲ್ಲ. ಕೊಳ್ಳೇಗಾಲದಿಂದ ವಾಪಸ್ ಬರುವ ಬಸ್ಸಿನಲ್ಲಿ ತಲೆ ಕೆಟ್ಟುಹೋಗಿತ್ತು. ಟೇಪಿಗೆ ಅಂಟು ತಿರುಗಿ ಬರೋದಿಲ್ಲ. ಹಾಗಾದರೆ ಮಾಡಿದ ತಪ್ಪನ್ನು ಫಾದರಿಗೆ ಹೇಳಿ ಕ್ಷಮೆ ಪಡೆಯುವ ಪಾಪನಿವೇದನೆಗೆ ನಾವು ಮೊಣಕಾಲೂರೋದು ಯಾಕೆ? ನಾನು ಆಡಿಸಿದ ಆಟ ನನ್ನ ವಿಶ್ವಾಸಕ್ಕೇ ಉಲ್ಟಾ ಇತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಘನತೆಯನ್ನು ಹೇಳಿಕೊಡೋಕೆ ಹೋದವಳು ಮನುಷ್ಯರನ್ನು ಟೇಪಿಗೆ ಹೋಲಿಸಿದ್ದೆ. ಆ ಹುಡುಗಿಯ ಊರಿಗೆ ಮುಂದಿನ ತಿಂಗಳು ಮತ್ತೆ ಹೋಗಿ ಎಲ್ಲರ ಮುಂದೆ 'ಹೋದ ಸಲ ಆಡಿಸಿದ ಆಟ ತಪ್ಪು' ಅಂದೆ. ಅವಳು ಬಂದಿರಲಿಲ್ಲ.

ಆಮೇಲೆ ಆಟಗಳನ್ನು ಕಡಿಮೆ ಮಾಡಿ ಚೀಟಿ ಡಬ್ಬ ಇಟ್ಟೆವು. ಹಾರ್ಲಿಕ್ಸ್ ಡಬ್ಬ, ಮುಚ್ಚಳದಲ್ಲಿ ಸೀಳು. ಹೆಸರು ಬರೆಯೋ ಹಾಗಿಲ್ಲ, ಎಲ್ಲರೂ ಒಂದು ಚೀಟಿ ಹಾಕಲೇಬೇಕು. ಪ್ರಶ್ನೆ ಇಲ್ಲದವರು 'ಊಟ ಎಷ್ಟೊತ್ತಿಗೆ' ಅಂತ ಬರೆದರೂ ಸರಿ, ಯಾರು ಏನು ಬರೆದರು ಅಂತ ಗೊತ್ತಾಗಬಾರದು ಅಷ್ಟೇ. ಊಟದ ಚೀಟಿಗಳು ಪ್ರತಿ ಊರಲ್ಲೂ ಬಹುಮತದಿಂದ ಗೆಲ್ಲುತ್ತಿದ್ದವು. ಉಳಿದವುಗಳಲ್ಲಿ ಫೋನಿನದ್ದೇ ಹೆಚ್ಚು. ಅಶ್ಲೀಲ ವಿಡಿಯೊ ನಾನೊಬ್ಬನೇ ನೋಡಿದರೆ ಯಾರಿಗೆ ನಷ್ಟ? ಅವನು ಫೋಟೊ ಕೇಳ್ತಾನೆ, ಕೊಡದಿದ್ರೆ ಬ್ಲಾಕ್ ಮಾಡ್ತೀನಿ ಅಂತಾನೆ, ಏನ್ಮಾಡ್ಲಿ? ಒಂದು ಊರಲ್ಲಿ ಹೀಗೂ ಬಂತು: ಎಲ್ಲರೂ ದೇವರ ಸ್ವರೂಪ ಅಂತೀರ, ಮದುವೆಗೆ ಜಾತಿ ಕೇಳ್ತೀರಲ್ಲ? ಬಾಗಿಲ ಬಳಿ ನಿಂತಿದ್ದ ಹಿರಿಯರಿಬ್ಬರು ಸದ್ದಿಲ್ಲದೆ ಹೊರಗೆ ಹೋದರು. ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಪ್ರಶ್ನೆ ಅದು.

ಡಬ್ಬ ತೆರೆಯುವ ಮುಂಚೆ ಪ್ರತಿ ಸಲ ಹೇಳುತ್ತಿದ್ದೆವು: ಯಾರಿಗೂ ಹೇಳಲ್ಲ ಅಂತ ನಾವು ಭಾಷೆ ಕೊಡೋದಿಲ್ಲ. ಪಾಪನಿವೇದನೆಯ ಗುಟ್ಟು ಫಾದರಿಗೆ, ನಮಗಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಅನ್ನೋ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಕೊನೆವರೆಗೂ ಅಳಿಸುತ್ತಿರಲಿಲ್ಲ. ಮಗುವಿನ ಜೊತೆ ಒಂಟಿಯಾಗಿ ಕೂರಬಾರದು, ಬಾಗಿಲು ಹಾಕಬಾರದು. ಈ ನಿಯಮಗಳನ್ನು ಬೇಜಾರಾಗುವಷ್ಟು ಪಾಲಿಸಿದೆವು, ಪಾಲಿಸಲೇಬೇಕು.

ಇನ್ನು ಮುಳ್ಳಿನ ಕತೆ. ಒಂದು ಧರ್ಮಕೇಂದ್ರದಲ್ಲಿ, ಅಂದರೆ ಒಂದು ಊರಿನ ಚರ್ಚಿನಲ್ಲಿ, ನನ್ನ ಮಾತು ಮುಗಿದ ಮೇಲೆ ಹಿರಿಯ ಹೆಂಗಸೊಬ್ಬರು, ಒಳ್ಳೆ ಮನಸ್ಸಿನಿಂದಲೇ, ಹುಡುಗಿಯರ ಕಡೆ ತಿರುಗಿ ಒಂದು ಬುದ್ಧಿಮಾತು ಸೇರಿಸಿದರು. ಮುಳ್ಳು ಸೆರಗಿನ ಮೇಲೆ ಬಿದ್ದರೂ, ಸೆರಗು ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಸೆರಗೇ, ಹುಷಾರು. ಹಿಂದಿನ ಸಾಲಿನಲ್ಲಿ, ಅದುವರೆಗೂ ತೂಕಡಿಸುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗ ಕೇಳಿದ, "ಮುಳ್ಳಿಗೆ ಯಾಕಕ್ಕ ಯಾರೂ ಬೈಯಲ್ಲ?" ಎಲ್ಲರೂ ನಕ್ಕರು, ಅವನು ನಗಲಿಲ್ಲ. ನನ್ನ ಜೊತೆಗಾರ ಎದ್ದು, "ನಾವು ಹುಡುಗರು ಮುಳ್ಳಾ? ನಿಮಗೆ ಹಾಗೆ ಕರೆಸಿಕೊಳ್ಳೋಕೆ ಇಷ್ಟಾನಾ?" ಅಂತ ಶುರುಮಾಡಿದ. ಆ ದಿನ ಎರಡು ಗಂಟೆ ಮೂರೂವರೆಯಾಯ್ತು, ಊಟ ಆರಿಹೋಯ್ತು.

ಆ ಪ್ರಶ್ನೆ ಸಂತ ಮರಿಯಾ ಗೊರೆಟ್ಟಿಯ ಕತೆ ಹೇಳುವ ರೀತಿಯನ್ನೂ ಬದಲಿಸಿತು. 1902ರಲ್ಲಿ ಇಟಲಿಯಲ್ಲಿ ಅತ್ಯಾಚಾರಕ್ಕೆ ಬಂದವನನ್ನು ತಡೆದು, ಇರಿತಕ್ಕೆ ಸಿಕ್ಕಿ ಸತ್ತ ಹನ್ನೊಂದು ವರ್ಷದ ಮಗು. 1950ರಲ್ಲಿ ಸಂತ ಪದವಿ. ಶೀಲಕ್ಕಾಗಿ ಪ್ರಾಣ ಕೊಟ್ಟಳು ಅಂತ ನಮಗೆ ಚಿಕ್ಕಂದಿನಿಂದ ಹೇಳಿದ್ದರು. ಹಾಗೆ ಹೇಳಿದರೆ, ತಡೆಯಲಾಗದೆ ಬದುಕುಳಿದವಳು ಏನು ಅಂದುಕೊಳ್ಳಬೇಕು? ಉತ್ತರ ತುಂಬಾ ಹಳೆಯದು. 410ರಲ್ಲಿ ರೋಮ್ ಲೂಟಿಯಾದಾಗ ಅತ್ಯಾಚಾರಕ್ಕೊಳಗಾದ ಸ್ತ್ರೀಯರನ್ನು ಜನ ಆಡಿಕೊಂಡರು. ಆಗ ಸಂತ ಅಗಸ್ಟೀನರು, ಈ ಸದ್ಗುಣ ಇರೋದು ಮನಸ್ಸಿನ ಸಂಕಲ್ಪದಲ್ಲಿ, ಇನ್ನೊಬ್ಬನ ಕಾಮ ಅದನ್ನು ಕಸಿಯಲಾರದು ಅಂತ ಬರೆದರು. ನಾನು ಗೊರೆಟ್ಟಿ ಮತ್ತು ಅಗಸ್ಟೀನರನ್ನು ಒಟ್ಟಿಗೇ ಹೇಳತೊಡಗಿದೆ. ಆ ಕೊಲೆಗಾರ 27 ವರ್ಷ ಜೈಲಿನಲ್ಲಿದ್ದು ಹೊರಬಂದು ಆಕೆಯ ತಾಯಿಯ ಹತ್ತಿರ ಕ್ಷಮೆ ಕೇಳಿದ್ದನ್ನು ಹುಡುಗರ ಕಡೆ ನೋಡಿ ಹೇಳುತ್ತಿದ್ದೆ.

ವರ್ಷ ಮುಗಿಸಿ ಮನೆಗೆ ಬಂದ ವಾರ, ಅಮ್ಮ ಅವರೆಕಾಯಿ ಸುಲಿಯುತ್ತಾ ಮತ್ತೆ ಕೇಳಿದರು, ಅಂತೂ ಏನು ಹೇಳಿಕೊಟ್ಟೆ ಅಂತ. ಮುಳ್ಳಿನ ಹುಡುಗನ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ತಮ್ಮನಿಗೆ ಹೇಳಿದೀಯಾ ಇದನ್ನೆಲ್ಲ?" ಅಂದರು.

ಹೇಳಿರಲಿಲ್ಲ. ಅವನು ಒಳಗೆ ಫೋನ್ ನೋಡುತ್ತಾ ಮಲಗಿದ್ದ.