ಹರಿದುಹೋದ ಫ್ರಾಸ್ಟಿಂಗ್ ಮತ್ತು ಶ್ರೀಖಂಡದ ಬಟ್ಟೆ

ಮಗಳ ಏಳನೇ ಹುಟ್ಟುಹಬ್ಬಕ್ಕೆ ಕ್ಯಾರೆಟ್ ಕಪ್‌ಕೇಕ್ ಮಾಡಿದ್ದೆ. ಕೇಕ್ ಚೆನ್ನಾಗೇ ಉಬ್ಬಿತ್ತು. ಮೇಲೆ ಹಾಕಿದ ಕ್ರೀಮ್ ಚೀಸ್ ಫ್ರಾಸ್ಟಿಂಗ್ ಮಾತ್ರ ದೋಸೆ ಹಿಟ್ಟಿನ ಹಾಗೆ ಹರಿದು, ಕಾಗದದ ಕಪ್ ದಾಟಿ ತಟ್ಟೆಗೆ ಇಳಿದಿತ್ತು. ಏಪ್ರಿಲ್ ತಿಂಗಳ ಹುಬ್ಬಳ್ಳಿ, ಸಂಜೆ ಐದು ಗಂಟೆ. ಆರಕ್ಕೆ ಮಕ್ಕಳು ಬರುವವರಿದ್ದರು.

ಗಟ್ಟಿಯಾಗಲಿ ಅಂತ ಇನ್ನೊಂದು ಬಟ್ಟಲು ಸಕ್ಕರೆ ಪುಡಿ ಸುರಿದೆ. ಇನ್ನೂ ತೆಳ್ಳಗಾಯಿತು. ಮತ್ತೆ ಬೀಟರ್ ಹಿಡಿದೆ. ಕೆಲಸ ಪೂರ್ತಿ ಕೆಟ್ಟಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಸಕ್ಕರಿ ಬಿದ್ದ ಮ್ಯಾಲೆ ನೀರು ಬಿಡೂದ ಅಲ್ಲೇನವಾ? ಶ್ರೀಖಂಡ ಮಾಡೂಮುಂದ ನೋಡಿಲ್ಲೇನು?" ಅಂದರು.

ನೋಡಿದ್ದೆ. ಎಷ್ಟೋ ಸಲ ನೋಡಿದ್ದೆ. ಗಟ್ಟಿ ಮೊಸರಿಗೆ ಸಕ್ಕರೆ ಸೇರಿಸಿ ತಿರುವಿದರೆ ಎರಡೇ ನಿಮಿಷಕ್ಕೆ ಸಡಿಲವಾಗುತ್ತದೆ. ಅದಕ್ಕೇ ಅಲ್ವಾ ಮೊಸರನ್ನು ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದು? ಕ್ರೀಮ್ ಚೀಸ್ ಅಂದ ತಕ್ಷಣ ಅದೇನೋ ಬೇರೆ ಲೋಕದ್ದು ಅಂತ ನನಗೆ ಆ ಲೆಕ್ಕವೇ ಹೊಳೆದಿರಲಿಲ್ಲ.

ಆಮೇಲೆ ಡಬ್ಬಿಯ ಹಿಂದಿನ ಅಕ್ಷರ ಓದಿದೆ. ನಾನು ನೋಡಿಕೊಂಡು ಮಾಡಿದ್ದು ಅಮೆರಿಕದ ರೆಸಿಪಿ. ಅಲ್ಲಿಯವರು ಇದಕ್ಕೆ ಬಳಸುವುದು ಇಟ್ಟಿಗೆಯಂತೆ ಕತ್ತರಿಸಬಹುದಾದ ಗಟ್ಟಿ ಚೀಸ್. ಅಲ್ಲಿನ ನಿಯಮದ ಪ್ರಕಾರ ಕ್ರೀಮ್ ಚೀಸ್‌ನಲ್ಲಿ ಕೊಬ್ಬು ಕಡಿಮೆಯೆಂದರೂ 33%, ನೀರು ಹೆಚ್ಚೆಂದರೆ 55% ಇರಬೇಕು. ನನ್ನ ಡಬ್ಬಿಯಲ್ಲಿ ಇದ್ದದ್ದು ಬ್ರೆಡ್ಡಿಗೆ ಸವರುವ ಮೆತ್ತನೆಯದು, 100 ಗ್ರಾಂಗೆ ಕೊಬ್ಬು 24 ಗ್ರಾಂ. ಅಂದರೆ ಮೊದಲೇ ನೀರು ಜಾಸ್ತಿ. ಅದರ ಮೇಲೆ ಸಕ್ಕರೆ, ಅದರ ಮೇಲೆ ಬೀಟರ್. ಚೀಸನ್ನು ಜಾಸ್ತಿ ಹೊಡೆದಷ್ಟೂ ಅದು ಹಿಡಿದಿಟ್ಟುಕೊಂಡ ನೀರು ಬಿಡುತ್ತದೆ. ಕೆನೆ ಹೊಡೆದರೆ ಗಟ್ಟಿಯಾಗುವಂತೆ ಇದೂ ಆಗುತ್ತದೆ ಅಂದುಕೊಂಡದ್ದು ನನ್ನ ತಪ್ಪು.

ಈಗ ಹಿಂದಿನ ರಾತ್ರಿಯೇ 200 ಗ್ರಾಂ ಕ್ರೀಮ್ ಚೀಸನ್ನು ಅತ್ತೆಯ ಶ್ರೀಖಂಡದ ಬಟ್ಟೆಯಲ್ಲಿ ಸುತ್ತಿ, ಜರಡಿಯ ಮೇಲಿಟ್ಟು, ಮೇಲೊಂದು ಸಣ್ಣ ಭಾರ ಹೇರಿ ಫ್ರಿಜ್‌ನಲ್ಲಿ ಇಡುತ್ತೇನೆ. ಮೊಸರಿನ ಹಾಗೆ ತೊಟ್ಟಿಕ್ಕುತ್ತದೆ ಅಂತ ಕಾಯಬೇಡಿ. ಕೆಳಗಿನ ಬಟ್ಟಲು ಒಣಗಿಯೇ ಇರುತ್ತದೆ, ಆದರೆ ಬಟ್ಟೆ ಮುಟ್ಟಿದರೆ ಒದ್ದೆ. ಅಷ್ಟು ನೀರು ಹೋದರೂ ಸಾಕು, ಬೆಳಗ್ಗೆ ಚೀಸ್ ಚಮಚದಲ್ಲಿ ನಿಲ್ಲುತ್ತದೆ.

ಬೆಣ್ಣೆ 100 ಗ್ರಾಂ, ಉಪ್ಪಿಲ್ಲದ್ದು. ಮನೆಯಲ್ಲಿ ಕಡೆದ ಬೆಣ್ಣೆ ಇದಕ್ಕೆ ಬೇಡ. ಅದರಲ್ಲಿ ಮಜ್ಜಿಗೆ ಉಳಿದಿರುತ್ತದೆ, ಮತ್ತದೇ ನೀರಿನ ಕಥೆ. "ಬೆಣ್ಣೆಯನ್ನು ಒಂದು ಗಂಟೆ ಹೊರಗಿಡಿ" ಅನ್ನುವ ಮಾತನ್ನು ನಮ್ಮ ಬೇಸಿಗೆಯಲ್ಲಿ ನಂಬಬೇಡಿ, ಅಷ್ಟರಲ್ಲಿ ಎಣ್ಣೆಯೇ ಆಗಿಬಿಡುತ್ತದೆ. ಸಣ್ಣ ತುಂಡು ಮಾಡಿ ಹತ್ತು ನಿಮಿಷ ಇಡುತ್ತೇನೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಮೆತ್ತಬಾರದು.

ಈ ಬೆಣ್ಣೆಗೆ 150 ಗ್ರಾಂ ಜರಡಿ ಹಿಡಿದ ಐಸಿಂಗ್ ಶುಗರ್ ಹಾಕಿ ನಾಲ್ಕೈದು ನಿಮಿಷ ಚೆನ್ನಾಗಿ ಬೀಟ್ ಮಾಡುತ್ತೇನೆ. ಬೀಟರ್ ಜೋರಾಗಿ ತಿರುಗಬಹುದಾದದ್ದು ಇಲ್ಲಿ ಮಾತ್ರ. ಹಳದಿ ಹೋಗಿ ಬಿಳುಪಾಗುತ್ತದೆ, ಹಗುರಾಗುತ್ತದೆ. ಸಕ್ಕರೆಯನ್ನು ಮೊದಲು ಬೆಣ್ಣೆಗೇ ಸೇರಿಸುವುದರಲ್ಲಿ ಗುಟ್ಟಿದೆ. ಸಕ್ಕರೆಯ ಕಣಗಳಿಗೆ ಜಿಡ್ಡು ಹತ್ತಿಬಿಟ್ಟರೆ ಆಮೇಲೆ ಚೀಸಿನ ನೀರನ್ನು ಅಷ್ಟು ಬೇಗ ಎಳೆಯುವುದಿಲ್ಲ. ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆಯಾದರೆ ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿ, ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಸಾಮಾನ್ಯವಾಗಿ ಅದು ಇದ್ದೇ ಇರುತ್ತದೆ.

ಆಮೇಲೆ ಚೀಸ್. ಫ್ರಿಜ್‌ನಿಂದ ತೆಗೆದ ತಣ್ಣನೆಯದೇ. ಗಂಟು ಉಳಿಯದ ಹಾಗೆ ಮೊದಲು ಸೌಟಿನಿಂದ ಒತ್ತಿ ನುಣ್ಣಗೆ ಮಾಡಿಕೊಂಡು, ಮೂರು ಸಲಕ್ಕೆ ಸೇರಿಸುತ್ತೇನೆ. ಬೀಟರ್ ಅತಿ ನಿಧಾನದಲ್ಲಿ, ಎಲ್ಲ ಸೇರಿ ಒಂದು ನಿಮಿಷವೂ ಆಗಬಾರದು. ಬಿಳಿ ಗೆರೆ ಮಾಯವಾಯಿತಾ, ನಿಲ್ಲಿಸಿ. ಸುಮ್ನೆ ಇನ್ನೊಂದು ಸುತ್ತು ಅಂತ ಕೈ ಹೋಗುತ್ತದೆ, ನನಗೂ ಹೋಗುತ್ತದೆ. ಅರ್ಧ ಚಮಚ ವೆನಿಲಾ, ಚಿಟಿಕೆ ಉಪ್ಪು. ನಿಂಬೆಯ ಘಮ ಬೇಕಿದ್ದರೆ ಸಿಪ್ಪೆ ತುರಿದು ಹಾಕಿ, ರಸ ಹಿಂಡಬೇಡಿ.

ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟ ಮೇಲೆ ಪೈಪಿಂಗ್ ಬ್ಯಾಗಿಗೆ, ಅಂದರೆ ಫ್ರಾಸ್ಟಿಂಗ್ ತುಂಬಿ ತುದಿಯಿಂದ ಒತ್ತಿ ಹಾಕುವ ಚೀಲಕ್ಕೆ. ಹನ್ನೆರಡು ಕಪ್‌ಕೇಕಿಗೆ ಸಾಕಾಗುತ್ತದೆ. ಇದು ಬೆಟ್ಟದಂತೆ ನಿಲ್ಲುವ ಫ್ರಾಸ್ಟಿಂಗ್ ಅಲ್ಲ. ನಕ್ಷತ್ರದ ನಾಜಲ್‌ನಲ್ಲಿ ಒಂದೂವರೆ ಸುತ್ತು ಬಂದರೆ ನನಗೆ ತೃಪ್ತಿ. ಗುಲಾಬಿ, ಎಲೆ ಎಲ್ಲ ಬೇಕು ಅನ್ನುವವರು ಡಬ್ಬಿಯ ವಿಪ್ಪಿಂಗ್ ಕ್ರೀಮ್ ಬೆರೆಸುತ್ತಾರೆ. ನಿಲ್ಲುವುದೇನೋ ನಿಲ್ಲುತ್ತದೆ, ಆದರೆ ತಿಂದ ಮೇಲೆ ಅಂಗುಳಕ್ಕೆ ಮೇಣ ಹಚ್ಚಿದಂತಿರುತ್ತದೆ. ನನಗೆ ಸೇರುವುದಿಲ್ಲ.

ಡಬ್ಬಿಯ ಬೆಲೆ ನೋಡಿ ಮನೆಯಲ್ಲೇ ಚೀಸ್ ಮಾಡಲೂ ಹೋಗಿದ್ದೆ. ಹಾಲು ಒಡೆದು, ಹಿಂಡಿ, ಮಿಕ್ಸಿಗೆ ಹಾಕಿದ್ದು ನಾಲಿಗೆಗೆ ರವೆ ರವೆಯಾಗಿ ಸಿಕ್ಕಿತು. ಅದು ಪನೀರೇ, ಹೆಸರು ಬದಲಿಸಿದರೆ ಕ್ರೀಮ್ ಚೀಸ್ ಆಗುವುದಿಲ್ಲ. ಮೊಸರು ಕಟ್ಟಿ ಮಾಡಿದ್ದು ರುಚಿಯಲ್ಲಿ ಹತ್ತಿರ ಬಂತು. ಕೇಕಿನ ಮೇಲೆ ಸವರಲು ಸರಿ, ಪೈಪಿಂಗ್‌ಗೆ ನಿಲ್ಲಲಿಲ್ಲ. ಉಳಿದದ್ದಕ್ಕೆ ಅತ್ತೆ ಏಲಕ್ಕಿ, ಕೇಸರಿ ಹಾಕಿ ಮಧ್ಯಾಹ್ನ ಪೂರಿ ಕರಿದರು.

ಫ್ರಾಸ್ಟಿಂಗ್ ಹಾಕಿದ ಕೇಕನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಬೇಸಿಗೆಯಲ್ಲಿ ನಾನು ಒಂದು ಗಂಟೆಗೇ ಒಳಗಿಡುತ್ತೇನೆ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನೊಳಗೆ ಮೂರು ದಿನ ಏನೂ ಆಗುವುದಿಲ್ಲ. ಮುಚ್ಚದೆ ಇಟ್ಟರೆ ಮಾತ್ರ ಕಷ್ಟ. ಒಂದು ಸಲ ಪಕ್ಕದಲ್ಲೇ ಹೆಚ್ಚಿದ ಈರುಳ್ಳಿ ಇತ್ತು. ಮಗಳು ಒಂದು ತುತ್ತು ತಿಂದು, "ಅಮ್ಮಾ, ಇದು ಭಜಿ ಕೇಕಾ?" ಅಂದಳು.